ಮನೆ ಹತ್ರ ಲಾರಿ ನಿಲ್ಸೋದಾದ್ರೆ ಮೊದ್ಲು ಚಕ್ರದ ಕೆಳಗಿನ ಜಾಗ ಯಾರದ್ದು ನೋಡ್ಕೊಳ್ಳಿ

ನಮ್ಮ ಅಂಕೋಲಾ ಕಡೆ ಕೇರಿಗೊಂದು ಲಾರಿ ಇದ್ದೇ ಇರ್ತದೆ, ಟಿಪ್ಪರ್ ಇರ್ಬಹುದು, ಚಿರೇಕಲ್ಲು ಹೊಡೆಯೋ ಆರು ಚಕ್ರದ್ದಿರ್ಬಹುದು, ಮೀನಿನ ಪಿಕಪ್ ಇರ್ಬಹುದು. ಸಾಲ ಮಾಡಿ ತಗೊಂಡ ಗಾಡಿ, ಬ್ಯಾಟರಿ ಡೀಸೆಲ್ ಕಳ್ಳತನದ ಹೆದರಿಕೆ ಬೇರೆ, ಹಾಗಾಗಿ ರಾತ್ರಿ ಕಣ್ಣೆದುರಿಗೇ ಇರ್ಲಿ ಅಂತ ಎಲ್ರೂ ಮನೆ ಹತ್ರನೇ ತಂದು ನಿಲ್ಲಿಸ್ತಾರೆ. ನಮ್ಮನೇಲೂ ಅಣ್ಣನ ಟಿಪ್ಪರ್ ಇದೆ. ಹಳದಿ ಬೋರ್ಡಿನ ಗಾಡಿ ಮನೆ ಹತ್ರ ಇಡೋದೇ ತಪ್ಪು ಅಂತ ಕೆಲವರು ಹೆದರಿಸ್ತಾರೆ, ನನ್ನ ಜಾಗ ನನ್ನ ಗಾಡಿ ಯಾರೇನ್ ಕೇಳ್ತಾರೆ ಅಂತ ಇನ್ನು ಕೆಲವರು. ಎರಡೂ ಸರಿ ಅಲ್ಲ. ಮಾಲೀಕ ತನ್ನ ಲಾರಿನ ತನ್ನ ಮನೆಲಿ ನಿಲ್ಲಿಸ್ಬಾರ್ದು ಅಂತ 1988ರ ಮೋಟಾರು ವಾಹನ ಕಾಯ್ದೆಲಿ ಎಲ್ಲೂ ಇಲ್ಲ, ಆದ್ರೆ ಗಾಡಿ ಯಾವ ಜಾಗದ ಮೇಲೆ ನಿಂತಿದೆ, ಅಲ್ಲಿ ಬರೀ ನಿಂತಿದೆಯೋ ಅಥವಾ ವ್ಯಾಪಾರ ನಡೀತಾ ಇದೆಯೋ ಅನ್ನೋದ್ರ ಮೇಲೆ ಎಲ್ಲ ಬದಲಾಗ್ತದೆ.

ಜಾಗದ ವಿಷಯ ನಾವು ಪೆಟ್ಟು ತಿಂದೇ ಕಲ್ತದ್ದು. ನಮ್ಮ ಪಾಗಾರಕ್ಕೂ (ಕಂಪೌಂಡ್ ಗೋಡೆ) ಡಾಂಬರಿಗೂ ನಡುವೆ ಒಂದು ಪಟ್ಟಿ ಜಾಗ ಇತ್ತು, ಅಜ್ಜ ಅಲ್ಲಿ ಎರಡು ತೆಂಗಿನಮರ ನೆಟ್ಟಿದ್ರಿಂದ ಅದು ನಮ್ದೇ ಅಂತ ಮೂರು ವರ್ಷ ಟಿಪ್ಪರ್ ಅಲ್ಲೇ ನಿಲ್ತಿತ್ತು. ಒಂದು ಜುಲೈಲಿ ಮಳೆ ಹಿಡಿದು ಮಣ್ಣು ಮೆತ್ತಗಾಗಿ ಹಿಂದಿನ ಚಕ್ರ ಹೂತು ಕೆಳಗಿದ್ದ ನೀರಿನ ಪೈಪ್ ಒಡೀತು, ಇಡೀ ಕೇರಿಗೆ ಎರಡು ದಿನ ನಲ್ಲಿ ನೀರಿಲ್ಲ. ಆಮೇಲೆ ಅಳತೆ ಮಾಡಿಸಿದ್ರೆ ಆ ಪಟ್ಟಿ ರಸ್ತೆಗೆ ಸೇರಿದ್ದು. ಅವತ್ತು ಕೊಡ ಹಿಡ್ಕೊಂಡು ನಮ್ಮನೆ ಮುಂದೇ ಹಾದು ಹೋದ ಹೆಂಗಸರ ಮುಖ ನೋಡೋಕೆ ನಮ್ಮ ಆಯಿಗೆ ಆಗ್ಲಿಲ್ಲ.

ಹಾಗಾಗಿ ಮೊದ್ಲ ಕೆಲ್ಸ, ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ನಿಂತ ಜಾಗದ ಸರ್ವೆ ನಂಬರ್ ನೋಡಿ, ಪಹಣಿ ತೆಗೀರಿ, ಮನೆ ಸೈಟಿಗೆ ಪಂಚಾಯ್ತಿಯ ಫಾರಂ 9 ಮತ್ತು 11 ಇದ್ರೆ ಅದರಲ್ಲಿರೋ ಅಳತೆ ಓದಿ. ಆ್ಯಪ್ ಅಂದಾಜಿಗೆ ಮಾತ್ರ, ಗಡಿ ಬಗ್ಗೆ ಸಂಶಯ ಇದ್ರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರಿಂದ ಅಳೆಸೋದೇ ಸರಿ, ಫೀ ಕಟ್ಬೇಕು, ಸ್ವಲ್ಪ ಕಾಯ್ಬೇಕು, ಆದ್ರೂ ಮಾಡ್ಸಿ.

ಚಕ್ರ ರಸ್ತೆ ಮೇಲಿದ್ರೆ ಕತೆನೇ ಬೇರೆ. ಸಾರ್ವಜನಿಕ ಜಾಗದಲ್ಲಿ ಬೇರೆಯವ್ರಿಗೆ ಅಪಾಯ, ಅಡ್ಡಿ ಆಗೋ ಹಾಗೆ ಗಾಡಿ ಬಿಡೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 122 ಹೇಳ್ತದೆ. ಅದೇ ಕಾಯ್ದೆಯ ಸೆಕ್ಷನ್ 127ರ ಪ್ರಕಾರ 10 ಗಂಟೆ ಅಥವಾ ಹೆಚ್ಚು ಹೊತ್ತು ಸಾರ್ವಜನಿಕ ಜಾಗದಲ್ಲಿ ಯಾರೂ ಇಲ್ದೆ ಬಿಟ್ಟ ಗಾಡಿನ, ನಿಷೇಧ ಇರೋ ಕಡೆ ನಿಲ್ಲಿಸಿದ ಗಾಡಿನ ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ ಎಳೆಸ್ಬಹುದು, ಚಕ್ರಕ್ಕೆ ಲಾಕ್ ಹಾಕಿಸ್ಬಹುದು, ಎಳೆಸಿದ ಖರ್ಚೂ ಮಾಲೀಕನ ತಲೆಗೇ. ಸಂಜೆ ಏಳಕ್ಕೆ ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ತೆಗೆದ್ರೂ 11 ಗಂಟೆ ಆಯ್ತು ನೋಡಿ. ಬೇರೆ ದಂಡ ಹೇಳದ ತಪ್ಪಿಗೆ ಸೆಕ್ಷನ್ 177ರಲ್ಲಿ ಮೊದಲ ಸಲ 500, ಮತ್ತೆ ಮಾಡಿದ್ರೆ 1500 ರೂಪಾಯಿ ತನಕ. ಇದಲ್ದೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 285ರಲ್ಲಿ ದಾರಿಗೆ ಅಡ್ಡಿ ಮಾಡಿದ್ರೆ ದಂಡ 5000 ರೂಪಾಯಿ ತನಕ ಹೋಗ್ತದೆ, ಹಳೇ ಐಪಿಸಿಲಿ ಅದು ಬರೀ 200 ಇತ್ತು. ತಿರುವು, ಸೇತುವೆ, ಬಸ್ ಸ್ಟಾಪ್, ಬೇರೆಯವರ ಗೇಟಿನ ಎದುರು, ಇಲ್ಲೆಲ್ಲ ಐದು ನಿಮಿಷ ಕೂಡ ಬೇಡ.

ಎನ್‌ಎಚ್ 66ರ ಪಕ್ಕ ಮನೆ ಇರೋವ್ರು ಇನ್ನೊಂದು ನೋಡ್ಕೊಳ್ಬೇಕು. ಹೆದ್ದಾರಿಯಿಂದ ನಿಮ್ಮ ಅಂಗಳಕ್ಕೆ ಲಾರಿ ಇಳಿಸೋಕೆ ನೀವೇ ಮಣ್ಣು ಹಾಕಿ ರ‍್ಯಾಂಪ್ ಮಾಡೋ ಹಾಗಿಲ್ಲ, 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆ ಪ್ರಕಾರ ಒಳಗೆ ಹೊರಗೆ ಹೋಗೋ ದಾರಿಗೆ ಹೆದ್ದಾರಿ ಇಲಾಖೆ ಅನುಮತಿ ಬೇಕು. ಘಟ್ಟದ ಮೇಲೆ ಶಿರಸಿ ಸಿದ್ದಾಪುರದ ತೋಟದ ಮನೆಯವ್ರು ಸೊಪ್ಪಿನ ಬೆಟ್ಟದಲ್ಲಿ ಮರ ಕಡಿದು ಲಾರಿಗೆ ಜಾಗ ಮಾಡೋ ಯೋಚನೆ ಬಿಡ್ಬೇಕು, ಬೆಟ್ಟ ಸರ್ಕಾರದ್ದು, ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರೋ ಸವಲತ್ತು ಮಾತ್ರ ನಮ್ದು. ಕೆಳಗೆ ಸಮುದ್ರದ ಬದಿ, ಭರತದ ನೀರು ಏರೋ ಗೆರೆಯಿಂದ 500 ಮೀಟರ್ ಒಳಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಬರ್ತದೆ, ಗಜನಿ (ಉಪ್ಪುನೀರು ಬರೋ ಗದ್ದೆ) ತುಂಬಿ ಯಾರ್ಡ್ ಮಾಡೋಕೆ ಹೋದ್ರೆ ದೊಡ್ಡ ತಲೆನೋವು.

ಮತ್ತೆ ಧರೆ (ಗುಡ್ಡದ ಮಣ್ಣಿನ ಗೋಡೆ) ಕಡಿದ ಗುಡ್ಡದ ಬುಡದಲ್ಲಿ ಮಳೆಗಾಲದಲ್ಲಿ ಗಾಡಿ ನಿಲ್ಲಿಸ್ಬೇಡಿ, ಕೈ ಮುಗಿದು ಹೇಳ್ತೇನೆ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿ ನಿಂತಿದ್ದ ಗಾಡಿಗಳು ಗಂಗಾವಳಿ ನದಿಗೆ ಹೋದದ್ದು ಎಲ್ರಿಗೂ ಗೊತ್ತು, ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆ ಹೊತ್ತಿಗೆ, ಒಳಗೆ ಡ್ರೈವರ್ ಇದ್ದ. ಮನೆ ಹಿಂದಿನ ಧರೆ ಸಣ್ಣದು ಅಂತ ಅನ್ಸಿದ್ರೂ ಅಲ್ಲಿ ನಿಲ್ಲಿಸಿ ಕ್ಲೀನರ್ ಹುಡುಗನ್ನ ಗಾಡಿಲೇ ಮಲಗಿಸೋದು ಅಂತೂ ಬೇಡ್ವೇ ಬೇಡ.

ಈಗ ಜಾಗ ನಿಮ್ದೇ ಅಂತ ಇಟ್ಕೊಳ್ಳಿ. ಒಂದು ಗಾಡಿ ರಾತ್ರಿ ನಿಂತು ಬೆಳಿಗ್ಗೆ ಹೋದ್ರೆ ಅದು ಬರೀ ಪಾರ್ಕಿಂಗ್. ಅದೇ ಅಂಗಳದಲ್ಲಿ ನಾಲ್ಕು ಲಾರಿ, ಜೆಲ್ಲಿ ರಾಶಿ, ವೆಲ್ಡಿಂಗ್, ಬೇರೆಯವರ ಗಾಡಿಗೆ ಬಾಡಿಗೆ ಅಂತ ಶುರುವಾದ್ರೆ ಅದು ವ್ಯಾಪಾರ, ಅದಕ್ಕೆ ಪಂಚಾಯ್ತಿ ಅಥವಾ ನಗರಸಭೆ ಲೈಸೆನ್ಸ್ ಕೇಳ್ತಾರೆ. ವಾಸಕ್ಕೆ ಅಂತ ಎನ್‌ಎ (ಕೃಷಿಯೇತರ) ಆದ ಜಾಗ ವಾಣಿಜ್ಯಕ್ಕೆ ಬಳಸೋಕೆ ಬೇರೆ ಅನುಮತಿ ಬೇಕು, ಗದ್ದೆ ತೋಟ ಆದ್ರೆ ಭೂ ಕಂದಾಯ ಕಾಯ್ದೆ ಸೆಕ್ಷನ್ 95ರ ಪರಿವರ್ತನೆ ಮೊದ್ಲು. ಬಾಡಿಗೆ ಮನೆ ಆದ್ರೆ ಕರಾರಿನಲ್ಲೇ ಬರೆಸ್ಕೊಳ್ಳಿ, ಬಾಯಿಮಾತು ನಂಬ್ಬೇಡಿ.

ಶಬ್ದದ ಬಗ್ಗೆ ನಿಯಮ ಸ್ಪಷ್ಟ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬಲ್, ಹಗಲು 55, ರಾತ್ರಿ ತುರ್ತು ಇಲ್ದೆ ಹಾರ್ನ್ ಹಾಕೋ ಹಾಗಿಲ್ಲ. ಏರ್ ಬ್ರೇಕಿನ ಗಾಡಿಗೆ ಏರ್ ತುಂಬೋ ತನಕ ಇಂಜಿನ್ ಓಡ್ಲೇಬೇಕಲ್ಲ, ನಾಲ್ಕು ಗಂಟೆ ರಾತ್ರಿಲಿ ಆ ಸದ್ದಿಗೆ ಕೂಸು ಎದ್ದು ಅತ್ರೆ ಪಕ್ಕದವ್ರಿಗೆ ಸಿಟ್ಟು ಬರೋದು ನ್ಯಾಯವೇ. ಸಂಜೆನೇ ಮೂತಿ ರಸ್ತೆ ಕಡೆ ಮಾಡಿ ನಿಲ್ಲಿಸಿದ್ರೆ ಬೆಳಿಗ್ಗೆ ರಿವರ್ಸ್ ಹಾರ್ನಿನ ಕಿರಿಕಿರಿ ಇರೋದಿಲ್ಲ, ಏರ್ ಲೀಕ್ ರಿಪೇರಿ ಮಾಡಿಸಿದ್ರೆ ಇಂಜಿನ್ ಓಡಿಸೋ ಹೊತ್ತೂ ಕಡಿಮೆ ಆಗ್ತದೆ.

ನಮ್ಮ ಕಡೆ ಮನೆಮನೆಗೆ ಬಾವಿ ಇರ್ತದಲ್ಲ, ಆಯಿಲ್ ಬದಲಿಸೋದು ಬಾವಿ ಹತ್ರ ಖಂಡಿತ ಬೇಡ, ಚಿರೇಕಲ್ಲಿನ ನೆಲ ನೀರು ಬೇಗ ಕುಡೀತದೆ, ಆಯಿಲ್ ಸೇರಿದ ಬಾವಿ ನೀರು ನಿಮ್ದೂ ಹಾಳು ಪಕ್ಕದವ್ರದ್ದೂ ಹಾಳು. ಮೀನಿನ ಗಾಡಿ ತೊಳೆದ ನೀರು ಗಟಾರಕ್ಕೆ ಬಿಡ್ಬೇಡಿ. ಗ್ಯಾಸ್ ಪೆಟ್ರೋಲ್ ತುಂಬಿದ ಟ್ಯಾಂಕರನ್ನ ಊಟಕ್ಕೆ ಅಂತ ಕೂಡ ಕೇರಿ ಒಳಗೆ ತರ್ಬೇಡಿ.

ಕಾಗದ ಪತ್ರದಲ್ಲಿ ಜನ ಮರೆಯೋದು ವಿಳಾಸ. ಮನೆ ಬದಲಾದ್ರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು, ಇಲ್ದಿದ್ರೆ ನೋಟಿಸು ಹಳೇ ಮನೆಗೆ ಹೋಗಿ ನಿಮಗೆ ಗೊತ್ತಾಗೋದೇ ಇಲ್ಲ. ನೋಟಿಸ್ ಬಂದ್ರೆ ಸಿಟ್ಟು ಮಾಡ್ದೆ ಅದರಲ್ಲಿ ಹೇಳಿದ ದಿನದೊಳಗೆ ಬರಹದಲ್ಲೇ ಉತ್ತರ ಕೊಡಿ, ಅಳತೆ ನಕ್ಷೆ ಲಗತ್ತಿಸಿ, ಸ್ವೀಕೃತಿ ತಗೊಳ್ಳಿ.

ಪಕ್ಕದ ಮನೆಯವ್ರು ಇದನ್ನ ಓದ್ತಾ ಇದ್ರೆ ನಿಮಗೂ ದಾರಿ ಇದೆ. ಮೊದ್ಲು ಮಾತಾಡಿ, ಆಗ್ಲಿಲ್ಲ ಅಂದ್ರೆ ದಿನ ಸಮಯ ಬರೆದು ಫೋಟೋ ಸಮೇತ ಪಂಚಾಯ್ತಿಯ ಪಿಡಿಓಗೋ ನಗರಸಭೆಗೋ ಅರ್ಜಿ, ರಸ್ತೆ ಅಡ್ಡ ಇದ್ರೆ ಪೊಲೀಸರಿಗೆ. ಅಲ್ಲೂ ಆಗದಿದ್ರೆ ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 152ರಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಹತ್ರ ಅಡ್ಡಿ ತೆಗೆಸೋ ಆದೇಶ ಕೇಳ್ಬಹುದು. ಆದ್ರೆ ಆ ಲಾರಿ ಒಂದು ಮನೆಯ ಅನ್ನ ಅನ್ನೋದೂ ನೆನಪಿರ್ಲಿ.

ನಮ್ಮ ಟಿಪ್ಪರ್ ಈಗ ಪಾಗಾರದ ಒಳಗೇ ನಿಲ್ತದೆ. ಅದಕ್ಕೆ ದಣಪೆ (ಅಂಗಳದ ಗೇಟು) ಅಗಲ ಮಾಡಿದ್ವಿ, ಲಾರಿ ಅಗಲ 2.6 ಮೀಟರ್ ತನಕ ಇರ್ಬಹುದಲ್ಲ, ಅದರ ಮೇಲೆ ಎರಡು ಬದಿ ಕನ್ನಡಿಗೂ ಜಾಗ ಬಿಟ್ವಿ, ನೆಲಕ್ಕೆ ಚಿರೇಕಲ್ಲು ಚೂರು ಹಾಕಿ ಗಟ್ಟಿ ಮಾಡಿದ್ವಿ, ಮೇಲೆ ಹೋಗೋ ಕರೆಂಟ್ ತಂತಿ ತಗ್ಗಿತ್ತು, ಹೆಸ್ಕಾಂಗೆ ಅರ್ಜಿ ಕೊಟ್ವಿ. ಪೈಪ್ ರಿಪೇರಿ ದುಡ್ಡು ಅಣ್ಣನೇ ಕಟ್ಟಿದ.