ಎಮ್ಡನ್‌ಗೆ ದೊಡ್ಡ ಫಿರಂಗಿ ಹಾಕಿದರೆ? ಸ್ಪ್ರಿಂಗ್‌ಶಾರ್ಪ್‌ನಲ್ಲಿ ಹಡಗು ಕಟ್ಟುವ ಬಗೆ

ಚೆನ್ನೈ ಹೈಕೋರ್ಟಿನ ಪೂರ್ವದ ಕಾಂಪೌಂಡ್ ಗೋಡೆಯಲ್ಲಿ ಒಂದು ಫಲಕ ಇದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಹಡಗು ಈ ಊರಿನ ಮೇಲೆ ಶೆಲ್ ಹಾರಿಸಿದ ನೆನಪು ಅದು. ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸದರಲ್ಲಿ ಅದನ್ನು ನೋಡಿದೆ. ಗಟ್ಟಿಗ, ಚಾಲಾಕಿ ಮನುಷ್ಯನಿಗೆ ತಮಿಳಿನವರು ‘ಎಮ್ಡನ್’ ಅನ್ನುವುದು ಯಾಕೆಂದು ಅವತ್ತೇ ಗೊತ್ತಾಯಿತು. ಆ ದಾಳಿಯಾಗಿ ಏಳು ವಾರಕ್ಕೆ, ನವೆಂಬರ್ 9ರಂದು, ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಅನ್ನುವ ಯುದ್ಧನೌಕೆ ಎಮ್ಡನ್ ಅನ್ನು ಹೊಡೆದು ಮುಗಿಸಿತು. ಎಮ್ಡನ್‌ನಲ್ಲಿ ಇದ್ದದ್ದು 10.5 ಸೆಂ.ಮೀ. ಫಿರಂಗಿ. ಸಿಡ್ನಿಯಲ್ಲಿ 6 ಇಂಚಿನವು, ಅಂದರೆ 15 ಸೆಂ.ಮೀ.ಗೂ ತುಸು ಮೇಲು.

ಎಮ್ಡನ್‌ಗೂ 15 ಸೆಂ.ಮೀ. ಫಿರಂಗಿ ಹಾಕಿದ್ದರೆ? ಈ ಪ್ರಶ್ನೆ ತಲೆಯಲ್ಲಿ ಕೂತ ಮೇಲೆ ನಾನು ಸ್ಪ್ರಿಂಗ್‌ಶಾರ್ಪ್ ಕಲಿತೆ. ವಿಂಡೋಸ್‌ನಲ್ಲಿ ಓಡುವ ಉಚಿತ ಸಾಫ್ಟ್‌ವೇರ್ ಇದು. ಚಿತ್ರ ಬರೆಯುವುದಿಲ್ಲ. ಉದ್ದ, ಅಗಲ, ಫಿರಂಗಿ, ಎಂಜಿನ್, ಉಕ್ಕಿನ ಹೊದಿಕೆ ಇವುಗಳ ಅಂಕಿ ಕೊಟ್ಟರೆ, ಅಂಥ ಹಡಗು ಸಮುದ್ರದಲ್ಲಿ ಬಾಳುತ್ತದೋ ಇಲ್ಲವೋ ಎಂದು ವರದಿ ಕೊಡುತ್ತದೆ. ನಿಮಗೂ ಇಂಥ ಒಂದು ‘ಹೀಗಿದ್ದಿದ್ದರೆ’ ಇದ್ದರೆ, ನಾನು ಹೋದ ದಾರಿ ಹೇಳುತ್ತೇನೆ.

ಮೊದಲ ದಿನವೇ ಕನಸಿನ ಹಡಗಿಗೆ ಕೈ ಹಾಕಬೇಡಿ. ನಿಜವಾಗಿ ಇದ್ದ ಹಡಗನ್ನು ಕಟ್ಟಿ. ಅದು ಸರಿಯಾಗಿ ಬಂದರೆ ಮಾತ್ರ ಆಮೇಲಿನ ಬದಲಾವಣೆಗೆ ಬೆಲೆ. ಎಮ್ಡನ್‌ನ ಕೆಲಸ ಶುರುವಾದದ್ದು 1906ರಲ್ಲಿ, ನೀರಿಗಿಳಿದದ್ದು 1908ರಲ್ಲಿ. ವರ್ಷವನ್ನು ಸರಿಯಾಗಿ ತುಂಬಿ. 1906ರ ಎಂಜಿನ್‌ಗೂ 1914ರ ಎಂಜಿನ್‌ಗೂ ತೂಕದಲ್ಲಿ ಬಹಳ ವ್ಯತ್ಯಾಸ ಇದೆ.

ಅಳತೆ ಹೀಗೆ: ಉದ್ದ ಸುಮಾರು 118 ಮೀಟರ್, ಅಗಲ 13.5, ನೀರಿನೊಳಗೆ ಮುಳುಗುವ ಆಳ 5.5. ಇಲ್ಲಿ ಬ್ಲಾಕ್ ಕೋಎಫಿಷಿಯೆಂಟ್ ಅಂತ ಒಂದು ಅಂಕಿ ಕೇಳುತ್ತದೆ. ಹೆದರಬೇಡಿ. ಇದೇ ಅಳತೆಯ ಒಂದು ಪೆಟ್ಟಿಗೆ ಊಹಿಸಿಕೊಳ್ಳಿ. ಹಡಗಿನ ಮುಳುಗಿದ ಭಾಗ ಆ ಪೆಟ್ಟಿಗೆಯಲ್ಲಿ ಎಷ್ಟು ಪಾಲು ತುಂಬುತ್ತದೆ ಅನ್ನುವುದೇ ಇದು. 118 × 13.5 × 5.5 ಅಂದರೆ ಸುಮಾರು 8,760 ಘನ ಮೀಟರ್. ಹಡಗಿನ ತೂಕ 3,664 ಟನ್. ಉಪ್ಪುನೀರು ಘನ ಮೀಟರಿಗೆ 1.025 ಟನ್, ಹಾಗಾಗಿ ಅದು ತಳ್ಳುವ ನೀರು 3,575 ಘನ ಮೀಟರ್. ಭಾಗಿಸಿದರೆ 0.41. ಪೆಟ್ಟಿಗೆಯ ಅರ್ಧವೂ ತುಂಬಿಲ್ಲ, ಅಷ್ಟು ಸಪೂರ ಹಡಗು. ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಹಡಗಿನ ಆಕಾರ ಕಣ್ಣಿಗೆ ಕಟ್ಟುತ್ತದೆ.

ಎಂಜಿನ್ ಪುಟದಲ್ಲಿ ಕಲ್ಲಿದ್ದಲು, ಪಿಸ್ಟನ್ ಎಂಜಿನ್, ಎರಡು ಶಾಫ್ಟ್ (ಪ್ರೊಪೆಲ್ಲರ್ ತಿರುಗಿಸುವ ದಂಡ), ವೇಗ 23.5 ನಾಟ್ ಕೊಡಿ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ದೂರಕ್ಕೆ 12 ನಾಟ್‌ನಲ್ಲಿ 3,760 ನಾಟಿಕಲ್ ಮೈಲಿ. ಬೇಕಾದ ಕಲ್ಲಿದ್ದಲನ್ನು ಅದೇ ಲೆಕ್ಕ ಹಾಕುತ್ತದೆ. ಬಂಗಾಳ ಕೊಲ್ಲಿಯಲ್ಲಿ ಎಮ್ಡನ್ ತನ್ನ ಹಿಂದೆಯೇ ಮಾರ್ಕೊಮಾನಿಯಾ ಅನ್ನುವ ಕಲ್ಲಿದ್ದಲು ಹಡಗನ್ನು ಯಾಕೆ ಕರೆದುಕೊಂಡು ತಿರುಗಿತು ಅಂತ ಈ ಅಂಕಿ ನೋಡಿದರೆ ಅರ್ಥವಾಗುತ್ತದೆ.

ಉಕ್ಕಿನ ಹೊದಿಕೆಯಲ್ಲಿ ನಾನು ಎಡವಿದೆ. ಎಮ್ಡನ್‌ನ ಡೆಕ್ 80 ಮಿ.ಮೀ. ಅಂತ ಓದಿದ್ದೆ, ಹಾಗೇ ತುಂಬಿದೆ. ವರದಿ ಪೂರ್ತಿ ಕೆಟ್ಟುಹೋಯಿತು. ಆಮೇಲೆ ಕಾಗದದಲ್ಲಿ ಲೆಕ್ಕ ಹಾಕಿದೆ. ಡೆಕ್ 1,100 ಚದರ ಮೀಟರ್ ಅಂದುಕೊಳ್ಳಿ. ಉಕ್ಕು ಘನ ಮೀಟರಿಗೆ 7.85 ಟನ್. 80 ಮಿ.ಮೀ. ಅಂದರೆ ಸುಮಾರು 690 ಟನ್! ಇಡೀ ಹಡಗಿನ ತೂಕದ ಐದನೇ ಒಂದು ಪಾಲು ಬರೀ ಡೆಕ್ಕಿಗೇ ಹೋಯಿತು. ಪುಸ್ತಕದಲ್ಲಿರುವ 80 ಅತಿ ದಪ್ಪ ಇರುವ ಕಡೆಯ ಅಳತೆ. ಅಂಚಿನಲ್ಲಿ ಕೆಳಗೆ ಬಾಗುವ ಭಾಗ ದಪ್ಪ, ನಡುವಿನ ಸಮತಟ್ಟು ಭಾಗ ತೆಳು. ಹಾಗಾಗಿ ಸರಾಸರಿ ಹಾಕಿ. 30 ಮಿ.ಮೀ. ಆದರೆ 260 ಟನ್ ಸಾಕು. ಯಾವ ಹಡಗಿಗೇ ಆಗಲಿ, ಪುಸ್ತಕದ ಅತಿ ದೊಡ್ಡ ಅಂಕಿಯನ್ನು ಎಲ್ಲಾ ಕಡೆ ತುಂಬಬೇಡಿ.

ಈಗ ವರದಿ ತೆಗೆಯಿರಿ. ಉದ್ದ ಇದೆ, ಆದರೆ ಮೊದಲು ನೋಡಬೇಕಾದ್ದು ಹಡಗಿನ ಒಡಲಿನ (ಹಲ್) ಬಲ. ಅದು 1.00 ಅಥವಾ ಅದಕ್ಕಿಂತ ಮೇಲಿರಬೇಕು. ಈ ಅಂಕಿ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಇಡೀ ಸಾಫ್ಟ್‌ವೇರ್ ಕೈಗೆ ಬಂದ ಹಾಗೆ. ಒಟ್ಟು ತೂಕದಲ್ಲಿ ಫಿರಂಗಿ, ಉಕ್ಕಿನ ಹೊದಿಕೆ, ಎಂಜಿನ್, ಕಲ್ಲಿದ್ದಲು ತಮ್ಮ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಕೊನೆಗೆ ಉಳಿದದ್ದು ಒಡಲಿಗೆ. ಎಲ್ಲರಿಗೂ ಬಡಿಸಿದ ಮೇಲೆ ಉಂಡ ಹಾಗೆ. ಪಾತ್ರೆಯಲ್ಲಿ ಏನೂ ಉಳಿಯದಿದ್ದರೆ ಹಡಗಿನ ಪಕ್ಕೆಲುಬಿಗೆ ಉಕ್ಕೇ ಇಲ್ಲ. 1ಕ್ಕಿಂತ ಕೆಳಗಿಳಿದರೆ, ತೆರೆದ ಸಮುದ್ರದಲ್ಲಿ ಒಡಲಿಗೆ ತ್ರಾಸು ಅಂತ ವರದಿಯೇ ಎಚ್ಚರಿಸುತ್ತದೆ.

ಆಮೇಲೆ ಸಮುದ್ರದಲ್ಲಿ ನಡೆಯುವ ಗುಣ, ಅದೂ 1ರ ಮೇಲಿರಲಿ. ಕಡಿಮೆ ಬಂದರೆ ಮುಂಭಾಗದ ಡೆಕ್ಕನ್ನು ಅರ್ಧ ಮೀಟರ್ ಎತ್ತರಿಸಿ ನೋಡಿ. ಟ್ರಿಮ್ ಅನ್ನುವ ಅಂಕಿ ಸುಮ್ನೆ ಇಟ್ಟದ್ದಲ್ಲ. ಒಂದು ಕಡೆ ಸರಿಸಿದರೆ ಹಡಗು ಮಗುಚದೆ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೊಂದು ಕಡೆ ಸರಿಸಿದರೆ ಹೊಯ್ದಾಟ ನಿಧಾನವಾಗಿ ಗುರಿ ಇಡುವುದು ಸುಲಭ. ಎರಡೂ ಪೂರ್ತಿ ಸಿಗುವುದಿಲ್ಲ. ನಾನು 50ರಿಂದ ಶುರು ಮಾಡುತ್ತೇನೆ.

ನಿಜವಾದ ಎಮ್ಡನ್‌ನ ಲೆಕ್ಕ ಕೂತ ಮೇಲೆ ಫೈಲನ್ನು ಉಳಿಸಿ, ನಕಲು ಮಾಡಿ, ನಕಲಿನಲ್ಲೇ ಆಟ ಆಡಿ. ಒಮ್ಮೆಗೆ ಒಂದೇ ಬದಲಾವಣೆ.

ಎಮ್ಡನ್‌ನಲ್ಲಿ ಹತ್ತು ಫಿರಂಗಿ. ಆದರೆ ಒಂದು ಪಕ್ಕಕ್ಕೆ ಹಾರಿಸಲು ಸಿಗುವುದು ಐದೇ. ಶೆಲ್ 17.4 ಕೆ.ಜಿ., ಅಂದರೆ ಐದೂ ಒಮ್ಮೆ ಹಾರಿದರೆ, ಆ ಒಂದು ಸುತ್ತಿಗೆ 87 ಕೆ.ಜಿ. 15 ಸೆಂ.ಮೀ. ಶೆಲ್ 45.3 ಕೆ.ಜಿ. ವ್ಯಾಸ ಒಂದೂವರೆ ಪಟ್ಟೂ ಆಗಿಲ್ಲ, ತೂಕ ಎರಡೂವರೆ ಪಟ್ಟು ದಾಟಿತು. ನಾನು ಮೊದಲು ಆರು ಹಾಕಿದೆ: ಮುಂದೆ ಒಂದು, ಹಿಂದೆ ಒಂದು, ಪಕ್ಕಕ್ಕೆ ಎರಡೆರಡು. ಒಂದು ಸುತ್ತಿಗೆ 181 ಕೆ.ಜಿ. ಚೆನ್ನಾಗಿದೆ ಅಲ್ವಾ? ಆದರೆ ಫಿರಂಗಿಗೆ 150ರಂತೆ ಶೆಲ್ ತುಂಬಿದರೆ 26 ಟನ್ ಇದ್ದದ್ದು 41 ಆಯಿತು. ಫಿರಂಗಿಗಳ ತೂಕವೂ ಜಾಸ್ತಿ. ಒಡಲಿನ ಬಲ 1ರ ಕೆಳಗೆ ಜಾರಿತು.

ಎರಡನೇ ಸಲ ನಾಲ್ಕೇ ಫಿರಂಗಿ, ನಾಲ್ಕೂ ಹಡಗಿನ ನಡುಗೆರೆಯ ಮೇಲೆ. ಅಲ್ಲಿಂದ ಎರಡೂ ಪಕ್ಕಕ್ಕೆ ತಿರುಗುತ್ತವೆ. ಒಂದು ಸುತ್ತಿಗೆ ಅದೇ 181 ಕೆ.ಜಿ., ಶೆಲ್ಲಿನ ತೂಕ 27 ಟನ್, ಹಳೆಯ ಹಡಗಿನಷ್ಟೇ. ಇದು ಸಿಕ್ಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೇಗದ ಆಸೆಯನ್ನೂ ಒಮ್ಮೆ ನೋಡಿದೆ. 23.5ರಿಂದ 27 ನಾಟ್‌ಗೆ ಏರಿಸಿದರೆ ಎಂಜಿನ್ ಶಕ್ತಿ ಕಡಿಮೆಯೆಂದರೂ ಒಂದೂವರೆ ಪಟ್ಟು ಬೇಕು. ಆ ಆಸೆ ಅಲ್ಲಿಗೇ ಬಿಟ್ಟೆ.

ಇಷ್ಟಾದರೂ ಒಂದು ಕೆಲಸ ಬಾಕಿ. ಡೆಕ್ಕಿನ ಮೇಲೆ ಜಾಗ ಇದೆಯೋ ಇಲ್ಲವೋ ಅಂತ ಸಾಫ್ಟ್‌ವೇರ್ ನೋಡುವುದಿಲ್ಲ. ಗ್ರಾಫ್ ಹಾಳೆ ತಂದು, ಎರಡು ಮಿ.ಮೀ.ಗೆ ಒಂದು ಮೀಟರ್‌ನಂತೆ ಮೇಲಿನಿಂದ ನೋಡಿದ ನಕ್ಷೆ ಬರೆಯಿರಿ. ನನ್ನ ಎರಡನೇ ಫಿರಂಗಿ ಹೊಗೆ ಕೊಳವೆಗಳ ನಡುವೆ ಬಂತು. ತಿರುಗಲು ಜಾಗವಿಲ್ಲ, ಪಕ್ಕದಲ್ಲೇ ದೋಣಿಗಳು. ಅದನ್ನು ಮೂರನೇ ಕೊಳವೆಯ ಹಿಂದಕ್ಕೆ ತಂದೆ. ಅದಕ್ಕೆ ಹಿಂದಿನ ಕಂಬ ಆರು ಮೀಟರ್ ಸರಿಯಬೇಕಾಯಿತು. ಹಾಳೆಯನ್ನು ಮೂರು ಸಲ ಉಜ್ಜಿ ಬರೆದ ಮೇಲೆ ನಾಲ್ಕೂ ಫಿರಂಗಿ ಕೂತವು.