ಅನಿತಾ ಮುಯ್ ಅವರ ಹಾಡು, ಸಿನಿಮಾ: ಎಲ್ಲಿಂದ ಶುರು ಮಾಡಬೇಕು?

ಬಿಳಿ ಮದುವೆ ಗೌನು ತೊಟ್ಟ ಹೆಂಗಸೊಬ್ಬರು ಹಾಡು ಮುಗಿಸಿ ಉದ್ದನೆಯ ಮೆಟ್ಟಿಲು ಹತ್ತಿ ಹೋಗುವ ವಿಡಿಯೊ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಅದು ಹಾಂಗ್‌ಕಾಂಗ್‌ನ ಗಾಯಕಿ, ನಟಿ ಅನಿತಾ ಮುಯ್, 2003ರ ನವೆಂಬರ್ 15ರ ರಾತ್ರಿ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಅಲ್ಲಿಂದ ಶುರು ಮಾಡಿದವರಿಗೆ ಕಾಣುವುದು ಕಾಯಿಲೆ ಬಿದ್ದ ತಾರೆಯೊಬ್ಬರ ದುಃಖ ಮಾತ್ರ. ಅದರ ಹಿಂದಿನ 21 ವರ್ಷದ ಕೆಲಸ ಕಾಣುವುದಿಲ್ಲ. ಆ ವಿಡಿಯೊ ಕೊನೆಗಿರಲಿ.

ಹುಡುಕುವ ಮೊದಲು ಹೆಸರು ತಿಳಿದಿರಬೇಕು. ಹಾಂಗ್‌ಕಾಂಗ್‌ನ ಆಡುಮಾತಾದ ಕ್ಯಾಂಟನೀಸ್‌ನಲ್ಲಿ ಅವರು ಮುಯ್ ಯಿಮ್-ಫಾಂಗ್, ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಮೇಯ್ ಯೆನ್‌ಫಾಂಗ್. ಚೀನೀ ಲಿಪಿಯಲ್ಲಿ ಎರಡಕ್ಕೂ ಒಂದೇ ಬರಹ. ಇಂಗ್ಲಿಷ್ ಹೆಸರು ಮಾತ್ರ ಹಾಕಿದರೆ ಹಾಡುಗಳ ಅರ್ಧ ಪಾಲು ತಪ್ಪಿಹೋಗುತ್ತದೆ, ಏಕೆಂದರೆ ಹಳೆಯ ಆಲ್ಬಮ್‌ಗಳ ಹಾಡಿನ ಪಟ್ಟಿ ಚೀನೀ ಲಿಪಿಯಲ್ಲೇ ಇರುತ್ತದೆ. ಹಾಡು ಕೇಳುವ ಆ್ಯಪ್‌ನಲ್ಲಿ ಕಲಾವಿದೆಯ ಪುಟದಿಂದ ಆ ಲಿಪಿಯ ಹೆಸರನ್ನು ಒಮ್ಮೆ ನಕಲು ಮಾಡಿಟ್ಟುಕೊಳ್ಳಿ, ಮುಂದೆ ಅದನ್ನೇ ಹಾಕಿ ಹುಡುಕಿ. ಇಲ್ಲಿ ಕೊಟ್ಟ ಹಾಡಿನ ಹೆಸರುಗಳು ಕನ್ನಡ ಅನುವಾದಗಳು. ಇನ್ನೊಂದು ತೊಡಕೂ ಇದೆ. 1997ರ ‘ಹೆಣ್ಣು ಹೂವು’ ಮ್ಯಾಂಡರಿನ್ ಹಾಡು. ತುಂಬ ಜನಪ್ರಿಯವಾದ್ದರಿಂದ ಪಟ್ಟಿಯ ಮೇಲ್ಭಾಗದಲ್ಲೇ ಸಿಗುತ್ತದೆ. ಚೆಂದದ ಹಾಡೇ, ಆದರೆ ಕ್ಯಾಂಟನೀಸ್ ಪಾಪ್ ಹೇಗಿರುತ್ತದೆ ಎಂದು ತಿಳಿಯಲು ಅದು ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಕೇಳಬೇಕಾದ್ದು 1982ರ ಹೊಸ ಗಾಯಕರ ಸ್ಪರ್ಧೆಯ ಧ್ವನಿಮುದ್ರಣ. ಹಾಂಗ್‌ಕಾಂಗ್‌ನ ಗಾಯಕಿ ಪೌಲಾ ಟ್ಸುಯ್ ಅವರ ‘ಗಾಳಿಯ ಋತು’ ಹಾಡಿ ಅನಿತಾ ಗೆದ್ದಾಗ ವಯಸ್ಸು 18. ಸ್ಪರ್ಧೆಯಲ್ಲಿ ನಿಂತವರಿಗೆ ಸಹಜವಾದ ಅಳುಕು ಆ ದನಿಯಲ್ಲಿ ಎಲ್ಲೂ ಇಲ್ಲ. ಕಾರಣ ಸರಳ: ನಾಲ್ಕೈದು ವರ್ಷದ ಮಗುವಾಗಿದ್ದಾಗಲೇ ಅಕ್ಕ ಆನ್ ಜೊತೆ ಲಾಯ್ ಚಿ ಕೋಕ್ ಮನರಂಜನಾ ಉದ್ಯಾನದ ವೇದಿಕೆಯಲ್ಲಿ ಸಂಸಾರದ ಹೊಟ್ಟೆಪಾಡಿಗೆ ಹಾಡುತ್ತಿದ್ದವರು ಅವರು. ಹದಿಹರೆಯದಲ್ಲೇ ಗಂಟಲು ದಣಿದು ಧ್ವನಿತಂತುಗಳಲ್ಲಿ ಗಂಟುಗಳಾದವು. ಆಮೇಲೆ ಉಳಿದದ್ದು ತಗ್ಗಿದ, ತುಸು ಒರಟು ದನಿ. ಆ ತಗ್ಗು ದನಿಯೇ ಅವರ ಆಸ್ತಿ. ಇಯರ್‌ಫೋನ್ ಹಾಕಿ ಕೇಳಿ. ಫೋನಿನ ಸಣ್ಣ ಸ್ಪೀಕರ್ ಕೆಳಸ್ಥಾಯಿಯನ್ನೇ ನುಂಗಿಬಿಡುತ್ತದೆ, ಆಗ ಈ ದನಿ ಬರೀ ಮಂಕಾಗಿ ಕೇಳುತ್ತದೆ.

ಮುಂದೆ 1985. ಇಲ್ಲಿ ಅವಸರ ಬೇಡ, ಒಂದು ವಾರ ಕೊಡಿ. ‘ನೀರಿನಂತೆ ಹರಿವ ವರುಷಗಳು’ ಮೊದಲು: ಜಪಾನಿನ ಕಿತಾರೊ ಸಂಗೀತ, ತಾಳವಾದ್ಯದ ಆರ್ಭಟವಿಲ್ಲ, ದನಿ ಅಲುಗಾಡದೆ ನಿಲ್ಲುತ್ತದೆ. ಅದರ ಬೆನ್ನಿಗೇ ‘ಕೆಟ್ಟ ಹುಡುಗಿ’ ಹಾಕಿ. ಸ್ಕಾಟ್ಲೆಂಡಿನ ಪಾಪ್ ಗಾಯಕಿ ಶೀನಾ ಈಸ್ಟನ್ ಅವರ ಹಾಡಿನ ಕ್ಯಾಂಟನೀಸ್ ರೂಪ ಅದು. ಆ ಹೆಸರಿನ ಆಲ್ಬಮ್ ಹಾಂಗ್‌ಕಾಂಗ್‌ನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿತು. ಎರಡೂ ಹಾಡುಗಳು ಒಂದೇ ಕಂಠದವು ಎಂದು ನಂಬುವುದು ಕಷ್ಟ. ‘ನೂರು ರೂಪದ ಅನಿತಾ’ ಎಂಬ ಬಿರುದು ಬಂದದ್ದು ವಸ್ತ್ರವಿನ್ಯಾಸಕ ಎಡ್ಡಿ ಲಾವ್ ಹೊಲಿಸಿದ ಉಡುಪುಗಳಿಂದ ಎನ್ನುವವರಿದ್ದಾರೆ. ಉಡುಪಿಗಿಂತ ಮೊದಲು ದನಿ ವೇಷ ಬದಲಿಸಿತ್ತು ಎಂಬುದನ್ನು ಈ ಎರಡು ಹಾಡು ಒಟ್ಟಿಗೆ ಕೇಳಿದರೆ ಒಪ್ಪುತ್ತೀರಿ.

ಸಾಹಿತ್ಯ ಅರ್ಥವಾಗದಿದ್ದರೂ ಒಂದು ವಿಷಯ ಗೊತ್ತಿರಲಿ. ಕ್ಯಾಂಟನೀಸ್‌ನಲ್ಲಿ ಆರು ಟೋನ್‌ಗಳಿವೆ. ಒಂದೇ ಉಚ್ಚಾರವನ್ನು ಏರಿಸಿ ಹೇಳಿದರೆ ಒಂದರ್ಥ, ಇಳಿಸಿದರೆ ಮತ್ತೊಂದು. ಸಾಮಾನ್ಯವಾಗಿ ಮೊದಲು ರಾಗ ಸಿದ್ಧವಾಗುತ್ತದೆ, ಆಮೇಲೆ ಗೀತರಚನೆಕಾರ ಆ ಏರಿಳಿತಕ್ಕೆ ಒಗ್ಗುವ ಪದಗಳನ್ನೇ ಹುಡುಕಿ ತುಂಬಬೇಕು. ಒಗ್ಗದ ಪದ ಬಿದ್ದರೆ ಕೇಳುಗನಿಗೆ ಬೇರೆಯೇ ಪದ ಕೇಳಿಸುತ್ತದೆ. ಹಾಗಾಗಿ ಪರಭಾಷೆಯ ರಾಗ ತಂದಾಗ ಅದರ ಸಾಹಿತ್ಯವನ್ನು ಹಾಗೇ ಅನುವಾದಿಸಲು ಆಗುವುದಿಲ್ಲ, ಹೊಸದಾಗಿಯೇ ಬರೆಯಬೇಕು. ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಜಪಾನಿನ ಮಸಾಹಿಕೊ ಕೊಂಡೊ ಹಾಡಿದ ‘ಸಂಜೆಗೆಂಪಿನ ಹಾಡು’, ಅದೇ ರಾಗದ ಅನಿತಾ ಅವರ ‘ಸೂರ್ಯಾಸ್ತದ ಹಾಡು’, ಮತ್ತೆ ಅದೇ ರಾಗದ ಪ್ರಿಸಿಲ್ಲಾ ಚಾನ್ ಅವರ 1989ರ ಹಾಡು, ಮೂರನ್ನೂ ಇದೇ ಕ್ರಮದಲ್ಲಿ ಕೇಳಿ. ಪ್ರಿಸಿಲ್ಲಾ ಅವರದು ಬೀಳ್ಕೊಡುಗೆಯ ತಿಳಿಯಾದ ಹಾಡು. ಅನಿತಾ ಅದೇ ರಾಗವನ್ನು ಬದುಕಿನ ಲೆಕ್ಕ ಒಪ್ಪಿಸುವವರಂತೆ ಹಾಡುತ್ತಾರೆ.

ನೇರ ಪ್ರದರ್ಶನಗಳಲ್ಲಿ 1987ರ ಕೊನೆಗೆ ಶುರುವಾದ 28 ರಾತ್ರಿಗಳ ಸರಣಿಯನ್ನು ಆರಿಸಿಕೊಳ್ಳಿ. ನಡೆದದ್ದು ಹುಂಗ್ ಹೋಮ್‌ನ ಹಾಂಗ್‌ಕಾಂಗ್ ಕೊಲಿಸಿಯಂನಲ್ಲಿ. ಸುಮಾರು 12,500 ಜನ ಹಿಡಿಸುವ ಆ ಸಭಾಂಗಣದಲ್ಲಿ ವೇದಿಕೆಯ ನಾಲ್ಕೂ ಕಡೆ ಜನ ಕೂರುತ್ತಾರೆ. ಅನಿತಾ ಯಾಕೆ ಸದಾ ತಿರುಗುತ್ತಲೇ ಹಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. 1985ರಿಂದ 1989ರವರೆಗೆ ಸತತ ಐದು ವರ್ಷ ಟಿವಿಬಿ ವಾಹಿನಿಯ ಅತ್ಯುತ್ತಮ ಗಾಯಕಿ ಪ್ರಶಸ್ತಿ ಅವರದೇ. ಅನಂತರ ಹೊಸಬರಿಗೆ ದಾರಿ ಬಿಟ್ಟು ಸ್ಪರ್ಧೆಯಿಂದಲೇ ಹಿಂದೆ ಸರಿದರು.

ಸಿನಿಮಾಕ್ಕೆ ಬಂದರೆ, ಒಂದೇ ಚಿತ್ರ ನೋಡಲು ಸಮಯವಿದ್ದರೆ ಸ್ಟ್ಯಾನ್ಲಿ ಕ್ವಾನ್ ನಿರ್ದೇಶನದ ‘ರೂಜ್’ ನೋಡಿ. 1930ರ ದಶಕದಲ್ಲಿ ಪ್ರಿಯಕರನೊಂದಿಗೆ ಸಾಯಲು ನಿಶ್ಚಯಿಸಿದ ವೇಶ್ಯೆ, 53 ವರ್ಷದ ನಂತರ ದೆವ್ವವಾಗಿ ಬಂದು ಅವನನ್ನು ಹುಡುಕಲು ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾಳೆ. ಪ್ರಿಯಕರನಾಗಿ ಹಾಂಗ್‌ಕಾಂಗ್‌ನ ಗಾಯಕ, ನಟ ಲೆಸ್ಲಿ ಚೆಯುಂಗ್. ಮೊದಲ ನಿಮಿಷಗಳಲ್ಲಿ ಗಂಡುವೇಷದಲ್ಲಿ ಹಳೆಯ ಕ್ಯಾಂಟನೀಸ್ ಕಥನಗೀತೆ ಹಾಡುವ ದೃಶ್ಯವನ್ನು ಓಡಿಸಬೇಡಿ, ಅವರ ತಗ್ಗು ದನಿ ಅಷ್ಟು ಒಪ್ಪಿದ ಜಾಗ ಇನ್ನೊಂದಿಲ್ಲ. ಈ ಪಾತ್ರಕ್ಕೆ ತೈವಾನಿನ ಗೋಲ್ಡನ್ ಹಾರ್ಸ್, ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿ, ಎರಡರಲ್ಲೂ ಅತ್ಯುತ್ತಮ ನಟಿಯಾದರು.

ಹಾಸ್ಯಕ್ಕೆ 1994ರ ‘ಡ್ರಂಕನ್ ಮಾಸ್ಟರ್ 2’. ತಮಗಿಂತ ಒಂಬತ್ತು ವರ್ಷ ದೊಡ್ಡವರಾದ ಜಾಕಿ ಚಾನ್‌ಗೆ ಮಲತಾಯಿಯಾಗಿ ಚಿತ್ರವನ್ನೇ ಕಸಿದುಕೊಳ್ಳುತ್ತಾರೆ. ಎಡವುವುದು ಇಲ್ಲೇ: 2000ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಪ್ರತಿಗೆ ಇಂಗ್ಲಿಷ್ ಡಬ್ಬಿಂಗ್ ಮಾಡಿ ಸಂಗೀತವನ್ನೂ ಬದಲಿಸಿದ್ದಾರೆ. ಮಾತಿನ ಲಯದ ಮೇಲೆ ನಿಂತ ಹಾಸ್ಯ ಅದರಲ್ಲಿ ಸತ್ತುಹೋಗುತ್ತದೆ. ಅನಿತಾ ನಟಿಸಿದ ‘ರಂಬಲ್ ಇನ್ ದ ಬ್ರಾಂಕ್ಸ್’ ಕೂಡ ಅಲ್ಲಿಗೆ ಹೋದಾಗ ಡಬ್ ಆಗಿ, ಮೊಟಕಾಗಿಯೂ ಹೋಯಿತು. ಯಾವ ಚಿತ್ರವೇ ಆಗಲಿ, ಆಡಿಯೊ ಪಟ್ಟಿಯಲ್ಲಿ ಕ್ಯಾಂಟನೀಸ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಬರೀ ‘ಚೈನೀಸ್’ ಎಂದಿದ್ದರೆ ಅದು ಮ್ಯಾಂಡರಿನ್ ಡಬ್ಬಿಂಗ್ ಆಗಿರಬಹುದು.

ಆ್ಯನ್ ಹುಯ್ ಅವರ ‘ಜುಲೈ ರಾಪ್ಸೊಡಿ’ (2002) ಕಡೆಗಿರಲಿ. ಜಾಕಿ ಚೆಯುಂಗ್ ಮಾಡಿದ ಶಾಲಾ ಮೇಷ್ಟ್ರ ಹೆಂಡತಿಯಾಗಿ, ಮೇಕಪ್ಪಿನ ಅಬ್ಬರವಿಲ್ಲದೆ, ಅಡುಗೆಮನೆಯಲ್ಲಿ ನಿಂತ ಅನಿತಾ ಅಲ್ಲಿ ಸಿಗುತ್ತಾರೆ. ವೇದಿಕೆಯ ಅನಿತಾಳನ್ನು ಬಲ್ಲವರಿಗೆ ಮಾತ್ರ ಆ ಸುಮ್ಮನಿರುವಿಕೆಯ ಬೆಲೆ ತಿಳಿಯುತ್ತದೆ.

ಈಗ 2003ಕ್ಕೆ ಬನ್ನಿ. ಏಪ್ರಿಲ್ 1ರಂದು ಗೆಳೆಯ ಲೆಸ್ಲಿ ತೀರಿಕೊಂಡರು. ಗರ್ಭಕಂಠದ ಕ್ಯಾನ್ಸರ್‌ನಿಂದಲೇ ಅಕ್ಕ ಆನ್ 2000ದಲ್ಲಿ ಹೋಗಿದ್ದರು. ತಮಗೂ ಅದೇ ಕಾಯಿಲೆ ಎಂದು ಅನಿತಾ ಸೆಪ್ಟೆಂಬರ್‌ನಲ್ಲಿ ತಾವೇ ಹೇಳಿಕೊಂಡರು. ನವೆಂಬರ್‌ನಲ್ಲಿ ಅದೇ ಕೊಲಿಸಿಯಂನಲ್ಲಿ ಎಂಟು ಪ್ರದರ್ಶನ ಕೊಟ್ಟರು. ಮದುವೆಯಾಗದ ಅವರು ಎಡ್ಡಿ ಲಾವ್ ಮಾಡಿಕೊಟ್ಟ ಗೌನು ತೊಟ್ಟು ವೇದಿಕೆಯನ್ನೇ ವರಿಸಿದರು. ಆ ಗೌನಿನಲ್ಲಿ ಹಾಡಿದ್ದು ನೀವು ಮೂರು ಕಂಠದಲ್ಲಿ ಕೇಳಿದ ಅದೇ ರಾಗದ ‘ಸೂರ್ಯಾಸ್ತದ ಹಾಡು’. ಡಿಸೆಂಬರ್ 30ರಂದು, 40ನೇ ವಯಸ್ಸಿನಲ್ಲಿ ಹೋದರು. ಈಗ ಆ ವಿಡಿಯೊ ನೋಡಿ, ಮೆಟ್ಟಿಲಿನ ತುಣುಕಷ್ಟೇ ಅಲ್ಲ, ಪೂರ್ತಿ ಪ್ರದರ್ಶನ.

ಆಮೇಲೆ ಝಾಂಗ್ ಯಿಮೋ ಅವರ ‘ಹೌಸ್ ಆಫ್ ಫ್ಲೈಯಿಂಗ್ ಡ್ಯಾಗರ್ಸ್’. ಅದರಲ್ಲಿ ಅನಿತಾಗೊಂದು ಪಾತ್ರವಿತ್ತು. ತಮ್ಮ ದೃಶ್ಯಗಳ ಚಿತ್ರೀಕರಣಕ್ಕೆ ಮೊದಲೇ ಅವರು ತೀರಿಕೊಂಡಾಗ ನಿರ್ದೇಶಕರು ಬೇರೆ ನಟಿಯನ್ನು ತರದೆ ಪಾತ್ರವನ್ನೇ ಕೈಬಿಟ್ಟು, ಚಿತ್ರವನ್ನು ಅವರಿಗೆ ಅರ್ಪಿಸಿದರು. ಕೊನೆಯ ಹೆಸರುಗಳು ಓಡುವಾಗ ಎದ್ದು ಹೋಗಬೇಡಿ, ಅರ್ಪಣೆಯ ಸಾಲು ಅಲ್ಲಿ ಬರುತ್ತದೆ.