ಸೆರೆಮನೆಯ ಕಥೆಗಳನ್ನು ಕೂಡಿ ನೋಡುವ, ಓದುವ ಬಗೆ

ಸೆರೆಮನೆಯನ್ನು ಕುರಿತ ಸಿನಿಮಾ ಮತ್ತು ಪುಸ್ತಕಗಳಲ್ಲಿ ಭರವಸೆ ಹೇಗೆ ಉಳಿಯುತ್ತದೆ, ತಪ್ಪು ಮಾಡಿದವನು ಹೇಗೆ ಬದಲಾಗುತ್ತಾನೆ ಎಂಬುದನ್ನು ಹತ್ತು ಜನ ಕೂತು ಚರ್ಚಿಸುವ ಕೂಟವೊಂದನ್ನು ಶಿರಸಿಯಂಥ ಊರಿನಲ್ಲಿ ನಡೆಸುವುದಾದರೆ, ಮೊದಲು ತೀರ್ಮಾನಿಸಬೇಕಾದದ್ದು ಸಿನಿಮಾದ ಹೆಸರನ್ನಲ್ಲ, ತಿಂಗಳನ್ನು. ಅಡಿಕೆ ಕೊಯ್ಲು ಶುರುವಾದ ಮೇಲೆ ಸಂಜೆ ಹೊತ್ತು ಯಾರನ್ನು ಕರೆದರೂ ಬರುವುದಿಲ್ಲ. ಸುಲಿಯುವ, ಬೇಯಿಸುವ ಕೆಲಸ ರಾತ್ರಿಯವರೆಗೂ ನಡೆದಿರುತ್ತದೆ. ಮಳೆ ಹಿಡಿದುಕೊಂಡ ಆಷಾಢದ ದಿನಗಳೇ ಲೇಸು. ಆಗಲೂ ಮಳೆ ಒಂದು ದಿನ ಹೊಳವಾದರೆ ಅರ್ಧ ಜನ ಕೊಳೆರೋಗದ ಔಷಧಿ ಹೊಡೆಸಲು ತೋಟಕ್ಕೆ ಹೋಗಿಬಿಡುತ್ತಾರೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡು, ಮೂರು ಕೂಟಗಳಿಗೆ ಐದು ವಾರ ಇಟ್ಟುಕೊಳ್ಳಿ. ಕರೆಂಟಿನ ಸುದ್ದಿ ಹೇಳಬೇಕಾಗಿಲ್ಲ. ಇನ್ವರ್ಟರ್ ಇರುವ ಮನೆಯ ಜಗುಲಿಯೇ ನಮಗೆ ಸಭಾಂಗಣ.

ಮೊದಲ ದಿನ ಸಿನಿಮಾ ಹಾಕುವ ಮುಂಚೆ ಮೂರು ಪದಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ: ಬಿಡುಗಡೆ, ಪ್ರಾಯಶ್ಚಿತ್ತ, ಉದ್ಧಾರ. ಇಂಗ್ಲಿಷಿನವರು ರಿಡೆಂಪ್ಷನ್ ಎಂಬ ಒಂದೇ ಮಾತಿನಲ್ಲಿ ಇವನ್ನೆಲ್ಲ ತುಂಬಿಬಿಡುತ್ತಾರೆ. ಕನ್ನಡದಲ್ಲಿ ಇವು ಬೇರೆ ಬೇರೆಯಾಗಿರುವುದು ನಮಗೆ ಅನುಕೂಲವೇ ಆಗಿದೆ. ಬಿಡುಗಡೆಯನ್ನು ಸರ್ಕಾರ ಕೊಡುತ್ತದೆ. ಪ್ರಾಯಶ್ಚಿತ್ತವನ್ನು ತಪ್ಪು ಮಾಡಿದವನೇ ಮಾಡಿಕೊಳ್ಳಬೇಕು. ಉದ್ಧಾರಕ್ಕೆ ಮಾತ್ರ ಎತ್ತುವ ಕೈ ಇನ್ನೊಬ್ಬರದಾಗಿರುತ್ತದೆ. (ಬೈಗುಳದಲ್ಲಿ ಹೆಚ್ಚು ಬಳಕೆಯಾಗುವುದು ಈ ಮೂರನೆಯ ಪದವೇ ಎಂದು ನಮ್ಮ ಕೂಟದ ಹಿರಿಯರೊಬ್ಬರು ನೆನಪಿಸಿದರು.) ಪ್ರತಿ ಕೃತಿಯ ಕೊನೆಯಲ್ಲಿ ಈ ಮೂರರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಕೇಳುವುದೇ ಇಡೀ ಚರ್ಚೆಯ ಬೆನ್ನೆಲುಬು. ಕಾರವಾರದಲ್ಲಿ ಕೂಟ ನಡೆಸುವವರು ಮುಕ್ತಿ ಎಂಬ ನಾಲ್ಕನೆಯ ಪದವನ್ನೂ ಸೇರಿಸಿಕೊಳ್ಳಬಹುದು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರ ಮನೆಗೆ ಬಂದಿದ್ದ ರವೀಂದ್ರನಾಥ ಟ್ಯಾಗೋರರು, ಲೋಕದ ಬಂಧನವನ್ನು ಹರಿದುಕೊಂಡೆನೆಂದು ಬೀಗಿದ ಸಂನ್ಯಾಸಿಯೊಬ್ಬ ಅನಾಥ ಹುಡುಗಿಯ ಮಮತೆಯ ಮುಂದೆ ಸೋಲುವ ನಾಟಕವನ್ನು ಆ ಕಡಲತೀರದಲ್ಲಿಯೇ ಬರೆದರು.

ಚರ್ಚೆಯನ್ನು ನಮ್ಮ ಜಿಲ್ಲೆಯಿಂದಲೇ ಆರಂಭಿಸಿ. ಅಂಕೋಲೆಯ 1930ರ ಉಪ್ಪಿನ ಸತ್ಯಾಗ್ರಹ, ಅಂಕೋಲೆ ಮತ್ತು ಸಿದ್ದಾಪುರ ಸೀಮೆಯ 1932ರ ಕರನಿರಾಕರಣೆ, ಇವುಗಳಲ್ಲಿ ಜೈಲು ಕಂಡವರ ಮೊಮ್ಮಕ್ಕಳು ಇಲ್ಲಿಯ ಯಾವ ಸಭೆಯಲ್ಲೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರು ಅಜ್ಜನ ಜೈಲುವಾಸವನ್ನು ತಲೆ ತಗ್ಗಿಸಿ ಹೇಳುವುದಿಲ್ಲ, ಎದೆಯುಬ್ಬಿಸಿ ಹೇಳುತ್ತಾರೆ. ಆ ಕಥೆಗಳಲ್ಲಿ ಭರವಸೆ ಬೇಕಾದಷ್ಟಿದೆ, ಆದರೆ ಪ್ರಾಯಶ್ಚಿತ್ತಕ್ಕೆ ಅಲ್ಲಿ ಕೆಲಸವೇ ಇಲ್ಲ, ಏಕೆಂದರೆ ತಪ್ಪು ಮಾಡಿದೆವೆಂದು ಅವರಿಗೆ ಅನಿಸಿರಲೇ ಇಲ್ಲ. ಭರವಸೆ ಮತ್ತು ಪರಿವರ್ತನೆ ಎರಡೂ ಒಂದೇ ಅಲ್ಲವೆಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ. ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತೆಂದರೆ, ಇಂದು ಭಾರತದ ಸೆರೆಮನೆಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅಪರಾಧವೇ ಸಾಬೀತಾಗಿಲ್ಲದವನಿಂದ ಪಶ್ಚಾತ್ತಾಪವನ್ನು ಬಯಸುವುದು ನ್ಯಾಯವಲ್ಲ. ಕೂಟಕ್ಕೆ ಬಂದವರ ಮನೆಯವರು ಯಾರಾದರೂ ಜೈಲಿನಲ್ಲಿರಬಹುದು. ಅವರಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಮೊದಲ ಸಿನಿಮಾ ವಿ. ಶಾಂತಾರಾಮ್ ಅವರ 1957ರ ‘ದೋ ಆಂಖೇ ಬಾರಹ್ ಹಾಥ್’ ಆಗಲಿ. ಇಂದಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದಲ್ಲಿ ನಡೆದ ಬಯಲು ಬಂದೀಖಾನೆಯ ಪ್ರಯೋಗವನ್ನು ಆಧರಿಸಿದ ಈ ಚಿತ್ರದಲ್ಲಿ ಜೈಲರ್ ಒಬ್ಬ ಆರು ಜನ ಕೊಲೆಗಾರರನ್ನು ಬೀಳು ಭೂಮಿಗೆ ಕರೆದೊಯ್ದು ಬೇಸಾಯಕ್ಕೆ ಹಚ್ಚುತ್ತಾನೆ. ಅವರು ಬೆಳೆದ ತರಕಾರಿಯನ್ನು ನ್ಯಾಯವಾದ ದರಕ್ಕೆ ಮಾರತೊಡಗಿದಾಗ ಪೇಟೆಯ ವ್ಯಾಪಾರಿಗಳು ತಿರುಗಿ ಬೀಳುವ ಭಾಗವನ್ನು ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚರ್ಚೆಗೆ ತೆಗೆದುಕೊಳ್ಳಬೇಕಾದದ್ದು ಶೀರ್ಷಿಕೆಯಲ್ಲಿರುವ ಆ ಎರಡು ಕಣ್ಣುಗಳನ್ನು: ಜೈಲರ್‌ನ ಕಣ್ಣು ತಮ್ಮ ಮೇಲಿದೆಯೆಂದು ಹನ್ನೆರಡು ಕೈಗಳು ಒಳ್ಳೆಯವಾದರೆ, ಅದು ಮನಸ್ಸಿನ ಮಾರ್ಪಾಡೋ, ಕಾವಲಿನ ಇನ್ನೊಂದು ರೂಪವೋ? ನನಗೆ ಇದು ಉದ್ಧಾರದ ಕಥೆಯಾಗಿ ಕಾಣುತ್ತದೆಯೇ ಹೊರತು ಪ್ರಾಯಶ್ಚಿತ್ತದ ಕಥೆಯಾಗಿ ಅಲ್ಲ. ಒಪ್ಪದವರು ಇರಲಿ, ಇದ್ದರೇ ಕೂಟಕ್ಕೆ ಕಳೆ.

ಎರಡನೆಯ ಕೂಟಕ್ಕೆ 1994ರ ‘ಶಾಶ್ಯಾಂಕ್ ರಿಡೆಂಪ್ಷನ್’. ಅಮೆರಿಕದ ಜೈಲೊಂದರಲ್ಲಿ ಕೊಲೆಯ ಆರೋಪಕ್ಕೆ ಶಿಕ್ಷೆಯಾಗಿ ಕೂಡಿಬಿದ್ದ ಆಂಡಿ ಮತ್ತು ರೆಡ್ ಎಂಬ ಗೆಳೆಯರ ಕಥೆ ಇದು; ಆಂಡಿ ಕೊನೆಗೆ ಸುರಂಗ ಕೊರೆದು ಪಾರಾಗುತ್ತಾನೆ. ಇದನ್ನು ಬಹಳ ಮಂದಿ ಮೊದಲೇ ನೋಡಿರುತ್ತಾರೆ, ಹಾಗಾಗಿ ಎರಡು ಗಂಟೆ ಇಪ್ಪತ್ತೆರಡು ನಿಮಿಷದ ಚಿತ್ರವನ್ನು ಪೂರ್ತಿ ತೋರಿಸಿದ ಮೇಲೆ ಸುರಂಗದ ಬಗ್ಗೆಯೇ ಎಲ್ಲರೂ ಮಾತಾಡಿ ಮನೆಗೆ ಹೊರಡುವ ಅಪಾಯವಿದೆ. ಆದ್ದರಿಂದ ಪೂರ್ತಿ ಚಿತ್ರವನ್ನು ಮನೆಯಲ್ಲಿ ನೋಡಿ ಬರಲು ಹೇಳಿ, ಕೂಟದಲ್ಲಿ, ಕೈದಿಯನ್ನು ಅವಧಿಗೆ ಮುಂಚೆ ಬಿಡಬಹುದೇ ಎಂದು ತೀರ್ಮಾನಿಸುವ ಪೆರೋಲ್ ಮಂಡಳಿಯ ಮುಂದೆ ರೆಡ್ ಹಾಜರಾಗುವ ಮೂರು ದೃಶ್ಯಗಳನ್ನು ಮಾತ್ರ ಒಂದರ ಹಿಂದೆ ಒಂದರಂತೆ ತೋರಿಸಿ. ಇಪ್ಪತ್ತು ವರ್ಷ ಕಳೆದಾಗ ಅವನು ಟೊಪ್ಪಿ ಕೈಯಲ್ಲಿ ಹಿಡಿದು, ತಾನು ಪೂರಾ ಬದಲಾಗಿದ್ದೇನೆ, ಇನ್ನು ತನ್ನಿಂದ ಸಮಾಜಕ್ಕೆ ಅಪಾಯವಿಲ್ಲ ಎನ್ನುತ್ತಾನೆ. ಕಾಗದದ ಮೇಲೆ ತಿರಸ್ಕಾರದ ಮುದ್ರೆ ಬೀಳುತ್ತದೆ. ಮೂವತ್ತನೆಯ ವರ್ಷವೂ ಅದೇ ಮಾತು, ಅದೇ ಮುದ್ರೆ. ನಾಲ್ವತ್ತನೆಯ ವರ್ಷ, ಬದಲಾಗುವುದೆಂದರೇನೆಂದು ತನಗೇ ತಿಳಿಯದೆಂದೂ, ಆ ಕೊಲೆ ಮಾಡಿದ ಮೂಢ ಹುಡುಗನ ಹತ್ತಿರ ಒಮ್ಮೆ ಮಾತಾಡಿ ಬುದ್ಧಿ ಹೇಳಬೇಕೆನಿಸುತ್ತದೆಂದೂ, ಆದರೆ ಆ ಹುಡುಗ ಈಗಿಲ್ಲವೆಂದೂ ಹೇಳಿ, ನಿಮ್ಮ ಮುದ್ರೆ ಒತ್ತಿಕೊಳ್ಳಿ ಎನ್ನುತ್ತಾನೆ. ಈ ಸಲ ಒಪ್ಪಿಗೆಯ ಮುದ್ರೆ. ಬಿಡುಗಡೆಯ ಆಸೆಯನ್ನು ಬಿಟ್ಟ ಗಳಿಗೆಯಲ್ಲಿ ಪ್ರಾಯಶ್ಚಿತ್ತ ಬಾಯಿಗೆ ಬಂದದ್ದನ್ನು ನೋಡುವವರೇ ಕಂಡುಕೊಳ್ಳಲಿ, ನೀವು ಮುಂದಾಗಿ ಹೇಳಬೇಡಿ. ಆಂಡಿ ನಿರಪರಾಧಿ, ರೆಡ್ ಅಪರಾಧಿ. ಭರವಸೆಯ ಕಥೆ ಮೊದಲನೆಯವನದು, ಪರಿವರ್ತನೆಯ ಕಥೆ ಎರಡನೆಯವನದು.

ಭರವಸೆ ಎಲ್ಲಿದೆ ಎಂದು ಕೇಳಿದರೆ ಎಲ್ಲರೂ ಸುರಂಗದತ್ತ ಕೈ ತೋರುತ್ತಾರೆ. ನಾನು ಗ್ರಂಥಾಲಯದ ಕಡೆ ತೋರಿಸುತ್ತೇನೆ. ಆಂಡಿ ಜೈಲಿನ ಗ್ರಂಥಾಲಯದ ಪುಸ್ತಕಗಳಿಗೆ ಹಣ ಕೊಡಿರೆಂದು ರಾಜ್ಯದ ಶಾಸನಸಭೆಗೆ ವಾರಕ್ಕೊಂದರಂತೆ ಆರು ವರ್ಷ ಪತ್ರ ಬರೆಯುತ್ತಾನೆ. ಕೊನೆಗೆ ಅಲ್ಲಿಯವರು ಬೇಸತ್ತು ಇನ್ನೂರು ಡಾಲರ್ ಮತ್ತು ಹಳೆಯ ಪುಸ್ತಕಗಳನ್ನು ಕಳಿಸಿ, ಇನ್ನು ಬರೆಯಬೇಡ ಎನ್ನುತ್ತಾರೆ. ಅವನು ಅಂದಿನಿಂದ ವಾರಕ್ಕೆ ಎರಡು ಬರೆಯತೊಡಗುತ್ತಾನೆ. ತಾಲೂಕು ಕಚೇರಿಗೆ ಒಂದು ಅರ್ಜಿ ಹಿಡಿದು ಅಲೆದವರಿಗೆ ಇದರ ಬೆಲೆ ಗೊತ್ತು. ಇದರ ಎದುರಿಗೆ ಐವತ್ತು ವರ್ಷ ಒಳಗಿದ್ದು ಹೊರಬಂದ ಮುದುಕ ಬ್ರೂಕ್ಸ್‌ನನ್ನು ಇಡಿ: ಬಿಡುಗಡೆ ಆಯಿತು, ಬದುಕು ಉಳಿಯಲಿಲ್ಲ.

ಪೆರೋಲ್ ಮಂಡಳಿಯ ದೃಶ್ಯಗಳ ಚರ್ಚೆಗೆ ನಾವು ಬಳಸುವುದು ತಾಳಮದ್ದಳೆಯ ಕ್ರಮವನ್ನು, ಅಂದರೆ ವೇಷವಿಲ್ಲದೆ ಕೂತಲ್ಲೇ ಪಾತ್ರದ ಪರವಾಗಿ ಮಾತಾಡುವುದನ್ನು; ಆ ಮಾತಿಗೆ ಅರ್ಥ ಎನ್ನುತ್ತಾರೆ. ಒಬ್ಬರು ರೆಡ್‌ನ ಅರ್ಥ ಹೇಳಬೇಕು, ಇನ್ನೊಬ್ಬರು ಮಂಡಳಿಯವರದು, ಮೂರನೆಯವರು ಕೊಲೆಯಾದವನ ತಾಯಿಯದು. ಆ ತಾಯಿ ಸಿನಿಮಾದಲ್ಲಿ ಇಲ್ಲ. ಇಲ್ಲದ್ದರಿಂದಲೇ ಆ ಪಾತ್ರ ಬೇಕು. ಪ್ರಸಂಗದ ಚೌಕಟ್ಟು ಮೀರಬಾರದು, ಒಬ್ಬರಿಗೆ ಹತ್ತು ನಿಮಿಷ ಮಾತ್ರ. ಹೋದ ವರ್ಷ ಈ ಗಡಿ ಹಾಕದೆ ಕೆಟ್ಟೆವು: ಮಂಡಳಿಯ ಅರ್ಥ ಹಿಡಿದವರು ಮುಕ್ಕಾಲು ಗಂಟೆ ಬಿಡಲಿಲ್ಲ, ಕಷಾಯ ಆರಿತು, ರೆಡ್ ಪಾತ್ರಧಾರಿಗಳು ಕೊನೆಯ ಬಸ್ಸಿಗೆ ಹೊರಟುಹೋದರು.

ಮೂರನೆಯ ಕೂಟ ಓದಿಗೆ. ಮಲಯಾಳಂ ಲೇಖಕ ವೈಕಂ ಮುಹಮ್ಮದ್ ಬಷೀರರ ‘ಮತಿಲುಕಳ್’, ಅಂದರೆ ಗೋಡೆಗಳು, ಎರಡು ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು. ರಾಜಕೀಯ ಕೈದಿಯಾದ ಬಷೀರನಿಗೆ ಗೋಡೆಯಾಚೆಯ ಹೆಂಗಸರ ಜೈಲಿನಿಂದ ನಾರಾಯಣಿಯ ದನಿ ಮಾತ್ರ ಕೇಳುತ್ತದೆ. ತಾನು ಬಂದಿರುವ ಗುರುತಿಗೆ ಅವಳು ಒಣಕೋಲೊಂದನ್ನು ಮೇಲಕ್ಕೆ ಎಸೆಯುತ್ತಾಳೆ. ಭೇಟಿಯಾಗುವ ದಿನ ಬರುವ ಮೊದಲೇ ಬಿಡುಗಡೆಯ ಆಜ್ಞೆ ಬರುತ್ತದೆ, ಮತ್ತು ಅವನಿಗೆ ಆ ಸ್ವಾತಂತ್ರ್ಯ ಬೇಡವಾಗುತ್ತದೆ. ಕೊನೆಯ ಪುಟಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ನಾರಾಯಣಿ ಬರಿಯ ದನಿಯಾಗಿರುವುದರಿಂದ ಕಿವಿಯಿಂದ ಓದುವುದೇ ಸರಿ. ಪ್ರತಿಗಳು ಎರಡೇ ಇದ್ದರೆ ಮೊದಲ ಕೂಟದ ದಿನವೇ ಕೈಗೆ ಕೊಟ್ಟು, ಮೂರು ದಿನಕ್ಕೊಬ್ಬರಂತೆ ದಾಟಿಸಲು ಹೇಳಿ, ಯಾರ ಬಳಿ ಇದೆಯೆಂದು ಬರೆದಿಟ್ಟುಕೊಳ್ಳಿ. ನಮ್ಮ ಒಂದು ಪ್ರತಿ ಯಲ್ಲಾಪುರದ ಕಡೆ ಹೋದದ್ದು ಇನ್ನೂ ಬಂದಿಲ್ಲ.